ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ

ಬೆಂಗಳೂರಿನಲ್ಲಿ ಸಂಸಾರಕ್ಕೆ ತಕ್ಕ ಎರಡು ಬೆಡ್‌ರೂಮಿನ ಮನೆ ಹುಡುಕೋದು ಅಂದ್ರೆ ಹೆಣ್ಣಿಗೆ ಗಂಡು ಹುಡುಕಿದಷ್ಟೇ ಕಷ್ಟ. ವಿಜಯನಗರವಾಗಲಿ, ಜಯನಗರವಾಗಲಿ, ಬ್ರೋಕರ್ ಫೋನ್ ಮಾಡುವುದು ಯಜಮಾನರಿಗೆ. ಅವರು ಕೆಲಸ ಮುಗಿಸಿ ಬರುವಾಗ ಕತ್ತಲಲ್ಲೇ ಮನೆ ನೋಡಿ, ಆಫೀಸು ಎಷ್ಟು ದೂರ, ಬೈಕ್ ಎಲ್ಲಿ ನಿಲ್ಲಿಸೋದು ಎಂದಷ್ಟೇ ವಿಚಾರಿಸಿ ಟೋಕನ್ ಕೊಟ್ಟು ಬಂದುಬಿಡುತ್ತಾರೆ. ದಿನವಿಡೀ ಆ ಮನೆಯಲ್ಲಿ ಇರಬೇಕಾದವರು ಮಾತ್ರ ನಾವು!

ಹಾಗಾಗಿ ನೀವೇ ಹೋಗಿ ನೋಡಿ, ಅದೂ ಹಗಲು ಹೊತ್ತಿನಲ್ಲಿ. ಅಡುಗೆಮನೆಗೆ ಬೆಳಕು ಬರುತ್ತಾ, ಬಟ್ಟೆ ಒಣಗಿಸಲು ಜಾಗವಿದೆಯಾ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು ಎಂದು ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬಕೆಟ್ ಹಿಡಿದು ನಿಂತವರಿಗೆ ಈ ಪ್ರಶ್ನೆಗಳ ಬೆಲೆ ಗೊತ್ತು. ಪಕ್ಕದ ಮನೆಯಾಕೆಯನ್ನು ಮಾತನಾಡಿಸಿದರೆ ಓನರ್ ಹೇಳದ್ದೂ ತಿಳಿಯುತ್ತೆ.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ಹಳೇ ರೂಢಿ. ಬಾಡಿಗೆ 25 ಸಾವಿರವಾದರೆ ಎರಡೂವರೆ ಲಕ್ಷ! ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ. ಆಯಾ ರಾಜ್ಯ ಕಾನೂನು ಮಾಡಿಕೊಂಡರೆ ಮಾತ್ರ ಅನ್ವಯ. ನಮಗೆ ಸದ್ಯಕ್ಕೆ ಚೌಕಾಸಿಯೇ ಗತಿ.

ಎಷ್ಟೋ ಮನೆಗಳಲ್ಲಿ ಈ ದುಡ್ಡು ಹೊಂದಿಸಲು ಅಡವಿಗೆ ಹೋಗುವುದು ಹೆಂಡತಿಯ ಬಳೆ, ಸರ. ಕರಾರು ಪತ್ರದಲ್ಲಿ ಮಾತ್ರ ಅವಳ ಹೆಸರೇ ಇರುವುದಿಲ್ಲ. ನಾಳೆ ಗಂಡನಿಗೆ ಏನಾದರೂ ಆದರೆ, ಅಥವಾ ಸಂಸಾರದಲ್ಲೇ ಬಿರುಕು ಬಿಟ್ಟರೆ, ‘ನಿಮ್ಮ ಹತ್ರ ನಾನು ದುಡ್ಡು ಇಸ್ಕೊಂಡಿಲ್ವಲ್ಲಮ್ಮ’ ಎಂದು ಓನರ್ ಹೇಳಿದರೆ ಏನು ಮಾಡುತ್ತೀರಿ? ಅದಕ್ಕೇ ನಾನು ಹೇಳೋದು, ಬಾಡಿಗೆದಾರರು ಅಂತ ಇಬ್ಬರ ಹೆಸರೂ ಇರಲಿ, ಇಬ್ಬರ ಸಹಿಯೂ ಇರಲಿ. ಇದು ಗಂಡನ ಮೇಲಿನ ಅನುಮಾನವಲ್ಲ. ಬ್ಯಾಂಕಿನ ಜಂಟಿ ಖಾತೆ ಇದ್ದ ಹಾಗೆ.

ಸಹಿಗೆ ಮುಂಚೆ ಪತ್ರವನ್ನು ಪೂರ್ತಿ ಓದಿ. ಸಾಮಾನ್ಯವಾಗಿ 11 ತಿಂಗಳಿಗೇ ಕರಾರು ಮಾಡುವುದು, ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ ಎಂಬ ಕಾರಣಕ್ಕೆ. ಬಾಡಿಗೆ ಎಷ್ಟು ಏರುತ್ತೆ, ಮೇಂಟೆನೆನ್ಸ್ ಬೇರೆಯಾ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಎಲ್ಲವೂ ಅದರಲ್ಲಿ ಬರೆದಿರಲಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಕೀ ಕೈಗೆ ಬಂದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಡಿ.

ಹೊಸ ಮನೆಯಲ್ಲಿ ಹಾಲುಕ್ಕಿಸಲು ನಾವೇ ಬೇಕು. ಸಹಿ ಹಾಕುವಾಗ ಮಾತ್ರ ಯಾಕೆ ಹಿಂದೆ ನಿಲ್ಲಬೇಕು, ನೀವೇ ಹೇಳಿ?