ಓದಿ ಹೇಳುವವರು ಯಾರು?

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಚಾಚಾ ಒಬ್ಬರ ಜೊತೆ ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಅವರ ಹನ್ನೆರಡು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಕಿಮೊ ಮುಗಿದ ಮೇಲೂ ಕಾಯಿಲೆ ಎರಡು ಸಲ ಮರಳಿ ಬಂದಿತ್ತು. ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಬಹುದು ಎಂದು ಹೇಳಿ ಒಪ್ಪಿಗೆ ಪತ್ರ ಕೊಟ್ಟರು. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಚಾಚಾ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರುವುದು ಉರ್ದು ಮಾತ್ರ. 'ತೂ ಪಡ್‌ಕೆ ಬೋಲ್ ಬೇಟಾ' ಅಂದರು.

ಓದಿ ಹೇಳಿದೆ. 'ಮೊದಲ ಹಂತ' ಎಂದು ಬರೆದಿತ್ತು. ಮೊದಲು ಈ ಔಷಧಿ, ಆಮೇಲೆ ಇನ್ನೊಂದು, ಹುಡುಗ ಗುಣವಾಗುತ್ತಾನೆ ಎಂದು ನಾನು ಅರ್ಥ ಹೇಳಿದೆ. ಅದು ತಪ್ಪು. ಮರುದಿನ ಒಬ್ಬ ನರ್ಸ್ ತಿದ್ದಿದರು. ಮೊದಲ ಹಂತ ಎಂದರೆ ಆ ಔಷಧಿ ಮನುಷ್ಯರಿಗೆ ಸುರಕ್ಷಿತವೇ, ಎಷ್ಟು ಪ್ರಮಾಣ ಕೊಡಬಹುದು ಎಂದು ಕೆಲವೇ ರೋಗಿಗಳಲ್ಲಿ ನೋಡುವುದು. ಗುಣವಾದರೆ ಒಳ್ಳೆಯದೇ, ಆದರೆ ಆ ಭರವಸೆಯನ್ನು ಯಾರೂ ಕೊಟ್ಟಿರುವುದಿಲ್ಲ.

ಇಂಥ ಪ್ರಯೋಗ ಬೇಡವೇ ಬೇಡ ಎನ್ನುವವರ ಜೊತೆ ನಾನಿಲ್ಲ. 'ಬಡವರ ಮೇಲೆ ಪ್ರಯೋಗ ಮಾಡುತ್ತಾರೆ' ಎಂಬ ಮಾತು ಶಹಾಬಾದಿನ ಹೋಟೆಲಿನಲ್ಲೂ ಕೇಳಿದ್ದೇನೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ತಂದ ನೆಕ್ಸ್‌ಕಾರ್19 ಚಿಕಿತ್ಸೆಯನ್ನು ನೋಡಿ. ರೋಗಿಯದೇ ಟಿ ಜೀವಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಪ್ರಯೋಗಾಲಯದಲ್ಲಿ ಬದಲಿಸಿ, ಮತ್ತೆ ಮೈಗೆ ಬಿಡುತ್ತಾರೆ. ಅದಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಕೆಲವರು ಧೈರ್ಯ ಮಾಡಿ ಮೊದಲ ಹಂತಕ್ಕೆ ಸೇರಿದ್ದರು. ಅಮೆರಿಕದಲ್ಲಿ ಮೂರ್ನಾಲ್ಕು ಕೋಟಿಯಾಗುವ ಇಂಥ ಚಿಕಿತ್ಸೆ ಇಲ್ಲಿ 30-40 ಲಕ್ಷಕ್ಕೆ ಇಳಿದಿದೆ. (ಕಲ್ಲು ಗಣಿಯಲ್ಲಿ ದುಡಿಯುವವನಿಗೆ ಎರಡೂ ಒಂದೇ, ಅದು ಬೇರೆ ಮಾತು.) ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ಇಂಥದೇ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ 2025ರಲ್ಲಿ ಮಾರುಕಟ್ಟೆಗೆ ತಂದಿದೆ.

ನನ್ನ ತಕರಾರು ಒಪ್ಪಿಗೆ ಕೇಳುವ ರೀತಿಯ ಬಗ್ಗೆ. 1872ರ ಕರಾರು ಕಾಯ್ದೆಯ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಒಂದು ಲಾರಿ ಶಹಾಬಾದ್ ಕಲ್ಲು ಮಾರುವುದಕ್ಕೇ ಇಷ್ಟು ನಿಯಮ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳೂ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಎನ್ನುತ್ತವೆ. ಓದಲು ಬಾರದವರಿಗೆ ನಿಷ್ಪಕ್ಷ ಸಾಕ್ಷಿ ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಇದೆಲ್ಲ ಆ ಪತ್ರದಲ್ಲಿ ಇತ್ತು, ಚಾಚಾ ಅವರ ತಲೆಗೆ ಹೋಗಿರಲಿಲ್ಲ. ಹದಿನೇಳು ವರ್ಷದ ನನ್ನ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಆದರೆ ನನ್ನ ಅರೆಬರೆ ಅನುವಾದದ ಮೇಲೆ ಅವರ ಸಹಿ ಬೀಳುವುದರಲ್ಲಿತ್ತು.

ಉರ್ದು, ದಖನಿ, ಲಂಬಾಣಿ, ತೆಲುಗು ಆಡುವ ಮನೆಗಳು ಸೇಡಂ, ಚಿತ್ತಾಪುರದಲ್ಲಿ ಎಷ್ಟಿಲ್ಲ? ಆ ಭಾಷೆಯಲ್ಲಿ ವಿವರಿಸಲು ಸಂಬಳ ಪಡೆಯುವ ಒಬ್ಬರು ಆಸ್ಪತ್ರೆಯಲ್ಲಿ ಇರಬೇಕು. ಜೊತೆಗೆ ಬಂದ ಹುಡುಗರ ತಲೆಗೆ ಇದನ್ನು ಕಟ್ಟಬಾರದು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಮೊದಲ ಮಾತುಕತೆ ಅಲ್ಲೇ ಆದರೆ, ರೈಲೇ ಇಲ್ಲದ ಚಿಂಚೋಳಿಯವರು ಬರೀ ಅರ್ಥ ಮಾಡಿಕೊಳ್ಳಲು ಬೆಂಗಳೂರಿಗೆ ಹೋಗಬೇಕಿಲ್ಲ.

ನರ್ಸ್ ತಿದ್ದಿದ ಮೇಲೆ ಚಾಚಾ ಎರಡು ದಿನ ಯೋಚಿಸಿದರು. ಮಗನನ್ನೂ ಕೇಳಿದರು. ಆಮೇಲೆ ಉರ್ದುವಿನಲ್ಲಿ ಸಹಿ ಹಾಕಿದರು.