ಎಸಿ ಕೂಡಸೋ ದಿನ ಅಡಿಗಿಮನ್ಯಾಗ ಕೂಡಬ್ಯಾಡ್ರಿ

ನಮ್ಮ ಕಲಬುರಗಿ ಬಿಸಲು ನಿಮಗೇನು ಹೊಸಾದಲ್ಲ. ಏಪ್ರಿಲ್ ಬಂತಂದ್ರ ಮಧ್ಯಾಹ್ನ ಓಣ್ಯಾಗ ನಾಯಿ ಸುದ್ದ ಅಡ್ಡಾಡಂಗಿಲ್ಲ. 42, 43 ಡಿಗ್ರಿ ಅಂದ್ರ ನಮಗ ಸಾದಾ ಮಾತು. ಮೊದಲು ಹಾಸಿಗಿ ಒಯ್ದು ಮಾಳಗಿ ಮ್ಯಾಲೆ ಮಲಗ್ತಿದ್ವಿ, ಆಮ್ಯಾಲೆ ಕಬ್ಬಿಣದ ಕೂಲರ್ ಬಂತು, ಈಗ ಮನಿ ಮನ್ಯಾಗ ಗ್ವಾಡಿಗೆ ಎಸಿ ಬಂದದ. ಎಸಿ ಬ್ಯಾಡ ಅಂತ ಹೇಳ್ಲಿಕ್ಕೆ ನಾ ಇದನ್ನ ಬರೀಲತ್ತಿಲ್ಲ. ನಮ್ಮ ಮನ್ಯಾಗೂ ಎರಡು ಅವ. ವಯಸ್ಸಾದವರು, ಬಾಣಂತಿ, ಸಣ್ಣ ಕೂಸು ಇದ್ದ ಮನಿಗೆ ಅದು ಬೇಕೇ ಬೇಕಾಗ್ಯದ.

ನಾ ಹೇಳೋದು ಬ್ಯಾರೆ. ಎಸಿ ತರಬೇಕಾದ್ರ ನಾವು ಎಂಟು ದಿನ ವಿಚಾರ ಮಾಡ್ತೀವಿ. ನಾಕು ಅಂಗಡಿ ಸುತ್ತತೀವಿ, ಸ್ಟಾರ್ ಎಷ್ಟು ಅಂತ ನೋಡ್ತೀವಿ, ಸಾವಿರ ರೂಪಾಯಿ ಕಡಿಮಿ ಮಾಡಸ್ತೀವಿ. ಅದನ್ನ ಗ್ವಾಡಿಗೆ ಕೂಡಸೋ ಕೆಲಸ ಮಾತ್ರ ಒಂದು ತಾಸಿನ್ಯಾಗ ಮುಗಿಸಿ ಕಳಸ್ತೀವಿ. ಬೆಂಕಿ, ಶಾಕ್, ಬಿದ್ದು ಕೈಕಾಲು ಮುರಿಯೋದು, ಈ ಅಪಾಯ ಎಲ್ಲಾ ಹುಟ್ಟೋದು ಆ ಒಂದು ತಾಸಿನ್ಯಾಗ. ಆ ಹೊತ್ತಿನ್ಯಾಗ ಹೆಣ್ಣುಮಕ್ಕಳು ಚಹಾ ಮಾಡ್ಕೋತ ಒಳಗ ಇರಬಾರದು. ಎದುರು ನಿಂತು ನೋಡಬೇಕು, ಕೇಳಬೇಕು. ಯಾಕ ಹಿಂಗ ಅಂತೀನಿ ಅಂದ್ರ, ನಾ ಒಮ್ಮೆ ಕೇಳದೆ ಸುಮ್ಮನಿದ್ದೆ.

ಎರಡು ವರ್ಷದ ಹಿಂದ ನಮ್ಮ ಅತ್ತಿಯವರ ಖೋಲಿಗೆ ಒಂದೂವರಿ ಟನ್ನಿನ ಎಸಿ ತಂದ್ವಿ. ಕೂಡಸಲಿಕ್ಕೆ ಬಂದವ ಅಂದ, "ಬ್ಯಾರೆ ಲೈನ್ ಎಳದ್ರ ಛೊಲೊ, ಆದ್ರ ಗ್ವಾಡಿ ಒಡೀಬೇಕಾಗ್ತದ. ಇಲ್ಲಂದ್ರ ಇಲ್ಲಿರೋ ಪ್ಲಗ್ಗಿಗೇ ಜೋಡಿಸಿ ಕೊಡ್ತೀನಿ." ದೀಪಾವಳಿಗೆ ಬಣ್ಣ ಹಚ್ಚಿದ ಗ್ವಾಡಿ ಅದು. ನಮ್ಮ ಮನಿಯವರು "ಅಲ್ಲೇ ಕೊಡಪಾ" ಅಂದ್ರು. ನಾ ಚಹಾದ ಕಪ್ಪು ಹಿಡಕೊಂಡು ಬಾಗಿಲದಾಗ ನಿಂತಿದ್ದೆ. ಆ ಪ್ಲಗ್ಗಿಗೆ ಇಸ್ತ್ರಿ ಹಚ್ಚಿದ್ರ ಹತ್ತು ನಿಮಿಷಕ್ಕ ಅದು ಬಿಸಿ ಆಗ್ತದ ಅಂತ ನನಗ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ, ಯಾಕಂದ್ರ ಅವರು ಎಂದೂ ಇಸ್ತ್ರಿ ಮಾಡಿದವರಲ್ಲ. ಇಸ್ತ್ರಿಗೇ ತಡಕೊಳ್ಳದ ಪ್ಲಗ್ಗು ಎಸಿಗೆ ಹೆಂಗ ತಡಕೋತದ ಅಂತ ಮನಸ್ಸಿನ್ಯಾಗ ಬಂತು. ಗಂಡಸರು ಮಾತಾಡ್ಲತ್ತಾರ, ನಡುವ ನಂದೇನು ಅಂತ ಬಾಯಿ ಮುಚ್ಚಿದೆ.

ನಾಕು ದಿನಕ್ಕ ಎಂಸಿಬಿ ಬೀಳ್ಲಿಕ್ಕೆ ಹತ್ತಿತು. ಏರಿಸೋದು, ಮತ್ತ ಬೀಳೋದು. ಅದೇ ಮನುಷ್ಯ ಬಂದು ದೊಡ್ಡ ಎಂಸಿಬಿ ಹಾಕಿ ಹೋದ. ಬೀಳೋದು ನಿಂತಿತು, ಎಲ್ಲಾರಿಗೂ ಸಮಾಧಾನ ಆಯ್ತು. ಹದಿನೈದು ದಿನ ಆಗಿರಬೇಕು, ರಾತ್ರಿ ಎರಡು ಗಂಟೆಗೆ ಅತ್ತಿಯವರು ಕೂಗಿದ್ರು, "ಏನೋ ಸುಟ್ಟ ವಾಸನಿ ಬರ್ಲತ್ತದ, ನೋಡ ಬಾ." ಹೋಗಿ ನೋಡಿದ್ರ ಪ್ಲಗ್ಗು ಕರಗಿ ಗ್ವಾಡಿಗೆ ಅಂಟ್ಯದ, ಸುತ್ತಲೂ ಕರ್ರಗ ಆಗ್ಯದ, ಒಳಗಿಂದ ಸಣ್ಣಗ ಹೊಗಿ. ಓಡಿ ಹೋಗಿ ಮೇನ್ ಆರಿಸಿದೆ. ಅತ್ತಿಯವರ ತಲಿದಿಂಬಿಗೂ ಆ ಪ್ಲಗ್ಗಿಗೂ ನಡುವ ಇದ್ದದ್ದು ಎರಡು ಮೊಳ. ಅವರಿಗೆ ನಿದ್ದಿ ಕಡಿಮಿ ಇದ್ದದ್ದೇ ನಮ್ಮ ಪುಣ್ಯ. ಆ ರಾತ್ರಿ ನೆನಸಿಕೊಂಡ್ರ ಇವತ್ತಿಗೂ ನನ್ನ ಮೈ ಝುಮ್ ಅಂತದ.

ಮರದಿನ ನಮ್ಮ ಓಣಿ ವೈರಮನ್ ಕಾಕಾನ್ನ ಕರಸಿದ್ವಿ. ಅವರು ಬೈದು ಬೈದು ತಿಳಿಸಿ ಹೇಳಿದ್ರು. ಒಂದೂವರಿ ಟನ್ನಿನ ಎಸಿ ಜೋರಾಗಿ ನಡದಾಗ ಸುಮಾರು 1,500 ರಿಂದ 1,800 ವ್ಯಾಟ್ ಎಳೀತದ. ನಮ್ಮ ಫ್ಯಾನು 75 ವ್ಯಾಟು. ಅಂದ್ರ 20 ಫ್ಯಾನು ಒಂದೇ ಪ್ಲಗ್ಗಿಗೆ ಹಚ್ಚಿ ತಾಸುಗಟ್ಟಲೆ ಬಿಟ್ಟಂಗ ಆಯ್ತು. ಸಣ್ಣ ವೈರಿನ್ಯಾಗ ಅಷ್ಟು ಕರೆಂಟ್ ಹರದ್ರ ವೈರು ಬಿಸಿ ಆಗ್ತದ, ಜೋಡಣಿ ಸಡಿಲಿದ್ದಲ್ಲಿ ಇನ್ನೂ ಬಿಸಿ ಆಗ್ತದ. ಎಂಸಿಬಿ ಬೀಳೋದು ಅದನ್ನ ತಡೀಲಿಕ್ಕೇ. ಅದು ಬೀಳ್ತದಂತ ದೊಡ್ಡದು ಹಾಕೋದಂದ್ರ, ಕಾವಲಿ ನಾಯಿ ಬೊಗಳ್ತದಂತ ಅದರ ಬಾಯಿ ಕಟ್ಟಿದಂಗ.

ಈಗ ನಾ ಯಾರ ಮನಿಗೆ ಹೋದ್ರೂ ಇದನ್ನೇ ಹೇಳ್ತೀನಿ. ಎಸಿಗೆ ಮೇನ್ ಬೋರ್ಡಿನಿಂದ ಅದರದ್ದೇ ಬ್ಯಾರೆ ಲೈನ್ ಇರಬೇಕು. ಒಂದೂವರಿ ಟನ್ನಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿನ ಎಂಸಿಬಿ, 16 ಆಂಪಿನ ದೊಡ್ಡ ಮೂರು ತೂತಿನ ಪ್ಲಗ್ಗು. ಅರ್ಥಿಂಗ್ ವೈರು ಖರೇನೇ ನೆಲದ ತನಕ ಹೋಗ್ಯದೇನು ಅಂತ ಪರೀಕ್ಷಾ ಮಾಡಸಬೇಕು. ಹಳೇ ಮನಿಗಳಾಗ ಮೂರನೇ ತೂತು ಇರ್ತದ, ಹಿಂದ ವೈರೇ ಇರಂಗಿಲ್ಲ. ಕಬ್ಬಿಣದ ಕೂಲರ್ ಮುಟ್ಟಿ ಶಾಕ್ ಹೊಡಿಸಿಕೊಂಡವರು ನಮ್ಮಾಗ ಎಷ್ಟು ಮಂದಿ ಇಲ್ಲ? ಎಲ್ಲಾ ಈ ಅರ್ಥಿಂಗಿನ ಗೋಳೇ. ಮೇನ್ ಬೋರ್ಡಿನ್ಯಾಗ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿದ್ರ ಕರೆಂಟ್ ಸೋರಿದ ಕೂಡ್ಲೆ ಲೈನ್ ಕಡೀತದ, ಜೀವ ಉಳೀತದ. ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿ ಹಚ್ಚೋದಂತೂ ಬ್ಯಾಡೇ ಬ್ಯಾಡ. ಎರಡನೇ ಎಸಿ ತರಬೇಕಾದ್ರ ನಿಮ್ಮ ಮೀಟರಿನ ಮಂಜೂರಾದ ಲೋಡ್ ಎಷ್ಟದ ಅಂತ ಜೆಸ್ಕಾಂ ಬಿಲ್ಲಿನ್ಯಾಗ ನೋಡಿಕೊಂಡೇ ತರ್ರಿ.

ಎರಡನೇ ಮಾತು ಗ್ವಾಡಿದು. ನಮ್ಮ ಕಡಿ ಹಳೇ ಮನಿ ಗ್ವಾಡಿ ಕಲ್ಲು ಮಣ್ಣಿನವು, ಮ್ಯಾಲೆ ಸಿಮೆಂಟ್ ಗಿಲಾವ್ ಅಷ್ಟೇ. ನೋಡ್ಲಿಕ್ಕೆ ಭಾಳ ದಪ್ಪ, ಆದ್ರ ಬೋಲ್ಟ್ ಹಿಡ್ಯೋದು ಮಣ್ಣಿನ್ಯಾಗ. ಒಳಗಿನ ಯೂನಿಟ್ ಹತ್ತು ಹನ್ನೆರಡು ಕಿಲೋ ಇರ್ತದ, ಹೊರಗಿಂದು ಅದರ ಎರಡು ಮೂರು ಪಟ್ಟು ಭಾರ, ಮತ್ತ ನಡದಾಗ ನಡಗ್ತದ. ಅಂಥಾ ಗ್ವಾಡಿಗೆ ಹೊರಗಿನ ಯೂನಿಟ್ ತೂಗುಹಾಕೋದಕ್ಕಿಂತ ಮಾಳಗಿ ಮ್ಯಾಲೋ ಅಂಗಳದಾಗೋ ಸ್ಟ್ಯಾಂಡ್ ಇಟ್ಟು ಕೂಡಸೋದು ಛೊಲೊ. ಒಳಗಿನ ಯೂನಿಟ್ಟಿನ ತಗಡಿನ ಪಟ್ಟಿ ಹೊಡದ ಮ್ಯಾಲೆ ಎರಡೂ ಕೈಲೆ ಜಗ್ಗಿ ನೋಡ್ರಿ. ಅಲ್ಲಾಡಿತಂದ್ರ ಜಾಗಾ ಬದಲಿ ಮಾಡಸ್ರಿ. ಹಾಸಿಗಿ ತಲಿ ಕಡಿ ನೆಟ್ಟಗ ಮ್ಯಾಲೆ ಬ್ಯಾಡ, ಟಿವಿ ಮ್ಯಾಲೂ ಬ್ಯಾಡ. ನೀರು ಹನಿಸಿದ್ರ ಎಲ್ಲಿ ಬೀಳ್ತದ ಅಂತ ವಿಚಾರ ಮಾಡ್ರಿ.

ಈ ವರ್ಷ ಮಗಳು ಬಾಣಂತನಕ್ಕ ಬರ್ತಾಳಂತ ಮ್ಯಾಲಿನ ಖೋಲಿಗೆ ಎರಡನೇ ಎಸಿ ತಂದ್ವಿ. ಈ ಸಲ ಲೈನ್ ಮೊದಲೇ ಎಳಸಿದ್ವಿ. ಕೂಡಸಲಿಕ್ಕೆ ಬಂದ ಹುಡುಗಗ ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬೇಕು. ನಾ ಎದುರೇ ನಿಂತಿದ್ದೆ. ಅವ ಕಿಡಕಿ ಹೊರಗ ಒಂದು ಕಾಲು ಸಜ್ಜಾದ ಮ್ಯಾಲೆ ಇಟ್ಟು, ಒಂದು ಕೈಲೆ ಸರಳು ಹಿಡದು, ಇನ್ನೊಂದು ಕೈಲೆ ಡ್ರಿಲ್ ತೊಗೊಂಡ. ಸೊಂಟಕ್ಕ ಬೆಲ್ಟ್ ಇಲ್ಲ, ಹಗ್ಗ ಇಲ್ಲ, ಕಾಲಾಗ ಚಪ್ಪಲ್. ಕೆಳಗ ಪರಶಿ ಹಾಸಿದ ಅಂಗಳ.

"ತಮ್ಮಾ, ಒಳಗ ಬಾ ಮೊದಲ" ಅಂದೆ.

"ಏನೂ ಆಗಂಗಿಲ್ಲಮ್ಮಾ, ದಿನಾ ಇದೇ ಕೆಲಸ" ಅಂದ. "ಇವತ್ತ ಇನ್ನೂ ಐದು ಅವ."

"ನಿಮ್ಮವ್ವ ನೋಡಿದ್ರ ಹಿಂಗ ನಿಲ್ಲಗೊಡ್ತಾಳೇನು? ಬಾ ಒಳಗ."

ಹುಡುಗ ಒಳಗ ಬಂದ. ಹೊರಗಿನ ಯೂನಿಟ್ ಮಾಳಗಿ ಮ್ಯಾಲೆ ಇಡಸಿದ್ವಿ. ತಾಮ್ರದ ಪೈಪು ಹೆಚ್ಚಿಗಿ ಹತ್ತಿತು, ಅದಕ್ಕ ರೊಕ್ಕ ಹೆಚ್ಚಿಗಿ ಆಯ್ತು. ನಮ್ಮ ಮನಿಯವರು ಎರಡು ದಿನ ಗೊಣಗಿದ್ರು. ಗೊಣಗಲಿ. ನಮ್ಮ ಖೋಲಿ ತಂಪಾಗಲಿಕ್ಕೆ ಯಾರದೋ ಮನಿ ಮಗ ಜೀವ ಒತ್ತೆ ಇಡೋದು ನನಗ ಸೇರಂಗಿಲ್ಲ. ಮಾಳಗಿ ಮ್ಯಾಲೆ ಇಟ್ಟಿದ್ದಕ್ಕ ಸರ್ವಿಸಿಗೆ ಬರೋರೂ ಈಗ ಆರಾಮ ನಿಂತು ಕೆಲಸ ಮಾಡ್ತಾರ.

ಮೂರನೇದು ಗ್ಯಾಸು. ಪೈಪ್ ಜೋಡಿಸಿದ ಮ್ಯಾಲೆ ಒಂದು ಸಣ್ಣ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ಪಸಿ ಎಲ್ಲಾ ಎಳದು ತೆಗೀಬೇಕು. ಅದಕ್ಕ ವ್ಯಾಕ್ಯೂಮ್ ಅಂತಾರ, ಹದಿನೈದು ಇಪ್ಪತ್ತು ನಿಮಿಷ ಹಿಡೀತದ. ಗಡಿಬಿಡ್ಯಾಗ ಇದನ್ನೇ ಬಿಡೋರು ಭಾಳ. "ಪಂಪ್ ತಂದೀಯೇನಪಾ?" ಅಂತ ಮೊದಲೇ ಕೇಳ್ರಿ. ಆಮ್ಯಾಲೆ ಜೋಡಣಿಗೆ ಸೋಪಿನ ನೊರಿ ಹಚ್ಚಿಸಿ ನೋಡ್ರಿ, ಗುಳ್ಳಿ ಎದ್ರ ಸೋರ್ಲತ್ತದ ಅಂತ ಅರ್ಥ. ನಾವು ಅಡಿಗಿ ಸಿಲಿಂಡರಿಗೆ ಮಾಡೋ ಪರೀಕ್ಷಾನೇ ಇದು. ಈಗಿನ ಹೊಸಾ ಎಸಿಗಳಾಗ ಭಾಳಷ್ಟಕ್ಕ ಆರ್-32 ಅನ್ನೋ ಗ್ಯಾಸ್ ಇರ್ತದ, ಅದಕ್ಕ ಸಣ್ಣಗ ಉರಿಯೋ ಗುಣ ಅದ. ಅದಕ್ಕೇ ಆ ಕೆಲಸ ನಡದಾಗ ಹತ್ತಿರ ದೀಪ, ಬೀಡಿ, ಕಡ್ಡಿ ಪೆಟಗಿ ಬ್ಯಾಡ, ಕಿಡಕಿ ತೆರದಿರಲಿ. ಇನ್ನೊಂದು ಮಾತು. ಎಸಿ ಗ್ಯಾಸ್ ಸಿಲಿಂಡರಿನ ಗ್ಯಾಸಿನಂಗ ಖರ್ಚಾಗಿ ಮುಗಿಯಂಗಿಲ್ಲ, ಅದೇ ಒಳಗ ತಿರಗ್ತಿರ್ತದ. ವರ್ಷಾ ಬಂದು "ಗ್ಯಾಸ್ ಮುಗದದ, ತುಂಬಬೇಕು" ಅಂದ್ರ, "ಎಲ್ಲಿ ಸೋರ್ಲತ್ತದ ಮೊದಲ ತೋರಸು" ಅನ್ರಿ.

ಕೂಡಸಿದ ಮ್ಯಾಲೆ ನಮ್ಮ ಕೈಯಾಗಿನ ಕೆಲಸ ಸಣ್ಣದು. ನಡಸೋ ದಿನದಾಗ ಎರಡು ವಾರಕ್ಕೊಮ್ಮೆ ಜಾಳಿಗಿ ತೆಗದು ತೊಳೀಬೇಕು. ರಿಮೋಟಿಲೆ ಆರಿಸಿದ್ರ ಸಾಲದು, ಎಂಸಿಬಿ ಇಳಿಸಿ, ಗಟ್ಟಿ ಸ್ಟೂಲ್ ಇಟ್ಟು, ಒಣಗಿದ ಕೈಲೆ ತೆಗೀರಿ. ಸಾದಾ ನೀರಿಲೆ ತೊಳದು ನೆರಳಿನ್ಯಾಗ ಒಣಗಿಸಿ ಹಾಕ್ರಿ. ನಮ್ಮ ಊರ ಧೂಳಿಗೆ ತಿಂಗಳು ಬಿಟ್ರ ಜಾಳಿಗಿ ಕಂಬಳಿ ಆಗ್ತದ, ಮಷೀನ್ ಉಸಿರುಗಟ್ಟಿ ಹೆಚ್ಚು ಕರೆಂಟ್ ತಿಂತದ. ಜಾಳಿಗಿ ಒಳಗಿನ ಭಾಗಕ್ಕ ನೀವು ಪೈಪಿಲೆ ನೀರು ಹೊಡೀಬ್ಯಾಡ್ರಿ, ಒಂದು ಮಗ್ಗಲಿಗೆ ಕರೆಂಟಿನ ಬೋರ್ಡ್ ಇರ್ತದ. ಹೊರಗಿನ ಯೂನಿಟ್ಟಿನ ಮುಚ್ಚಳ ಅಂತೂ ತೆಗೀಲೇಬ್ಯಾಡ್ರಿ, ಸ್ವಿಚ್ ಆರಿಸಿದ ಮ್ಯಾಲೂ ಅದರ ಕೆಪಾಸಿಟರಿನ್ಯಾಗ ಕರೆಂಟ್ ಕುಂತಿರ್ತದ. ವರ್ಷಕ್ಕೊಮ್ಮೆ ಬ್ಯಾಸಿಗಿ ಮುಂಚೆ ತಿಳದವರ ಕಡಿಂದ ಸರ್ವಿಸ್ ಮಾಡಸ್ರಿ, ಪ್ಲಗ್ಗಿನ ಸ್ಕ್ರೂ ಬಿಗಿ ಮಾಡಸ್ರಿ. ನೀರು ಹೋಗೋ ಪೈಪು ಇಳಿಜಾರಿರಲಿ. ಹೊರಗಿನ ಯೂನಿಟ್ಟಿನ ಮುಂದ ಅರಬಿ ಒಣಗಹಾಕಬ್ಯಾಡ್ರಿ. ಅರ್ಧ ತಾಸು ನಡದ ಮ್ಯಾಲೆ ಪ್ಲಗ್ಗಿನ ಸುತ್ತಲಿನ ಪೆಟಗಿ ಬಿಸಿ ಹತ್ತತದೇನು, ಸುಟ್ಟ ವಾಸನಿ ಬರ್ತದೇನು ಅಂತ ನೋಡ್ರಿ. ಬಂತಂದ್ರ ಮುಟ್ಟಬ್ಯಾಡ್ರಿ, ಎಂಸಿಬಿ ಇಳಿಸಿ ವೈರಮನ್‌ನ ಕರೀರಿ.

ಎಷ್ಟಕ್ಕ ಇಡಬೇಕು ಅಂತ ಕೇಳ್ತೀರಿ. 2020 ರಿಂದ ಸ್ಟಾರ್ ಇದ್ದ ಎಸಿ ಚಾಲೂ ಆದ್ರ 24 ಡಿಗ್ರಿಗೇ ಬರಬೇಕಂತ ಸರ್ಕಾರ ನಿಯಮ ಮಾಡ್ಯದ. ಒಂದು ಡಿಗ್ರಿ ಏರಿಸಿದ್ರ ಸುಮಾರು 6 ಪರ್ಸೆಂಟ್ ಕರೆಂಟ್ ಉಳೀತದ ಅಂತಾರ. ನಾವು 26 ಕ್ಕ ಇಟ್ಟು ಫ್ಯಾನ್ ಸಣ್ಣಗ ಹಚ್ಚತೀವಿ, ಸಾಕಾಗ್ತದ.

ಕಡೀಕಿನ ಮಾತು ಬಾಣಂತಿ ಇದ್ದ ಮನಿಯವರಿಗೆ. ಗ್ವಾಡಿ ಎಸಿ ಹೊರಗಿನ ಗಾಳಿ ಒಳಗ ತರಂಗಿಲ್ಲ. ಖೋಲ್ಯಾಗಿನ ಗಾಳೀನೇ ತಂಪು ಮಾಡಿ ತಿರಗಸ್ತದ. ನಾವು ಕೂಸಿಗೆ ಲೋಬಾನ ಹಾಕ್ತೀವಿ, ಬಾಣಂತಿಗೆ ಕೆಂಡದ ಅಗ್ಗಿಷ್ಟಿಗಿ ಇಡ್ತೀವಿ. ಕಿಡಕಿ ಬಾಗಿಲ ತೆರದಿದ್ದ ಕಾಲದ ಪದ್ಧತಿ ಅದು. ಎಸಿಗಂತ ಎಲ್ಲಾ ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ವಾಸನಿ ಇಲ್ಲದ ವಿಷದ ಗಾಳಿ ತುಂಬ್ತದ, ಮಲಗಿದವರು ಏಳಂಗಿಲ್ಲ. ಹೊಗಿ ಹಾಕಲೇಬೇಕಂದ್ರ ಎಸಿ ಆರಿಸಿ, ಕಿಡಕಿ ತೆರದು, ಕೆಂಡ ಹೊರಗ ಒಯ್ದ ಮ್ಯಾಲೆ ತಾಯಿ ಮಗೂನ್ನ ಒಳಗ ಕರೀರಿ. ಇದನ್ನ ಹೇಳಿದಾಗ ನಮ್ಮ ಅತ್ತಿಯವರಿಗೆ ಮೊದಲು ಸಿಟ್ಟು ಬಂತು. ಪ್ಲಗ್ಗು ಸುಟ್ಟ ರಾತ್ರಿ ನೆನಪು ಮಾಡಿಕೊಟ್ಟೆ, ಸುಮ್ಮನಾದ್ರು.

"ಹೆಣ್ಣುಮಕ್ಕಳಿಗೆ ಇದೆಲ್ಲಾ ಏನು ತಿಳೀತದ" ಅಂತ ಯಾರರೆ ಅಂದ್ರ ನೀವು ಹಿಂದ ಸರೀಬ್ಯಾಡ್ರಿ. ಯಾವ ಪ್ಲಗ್ಗು ಬಿಸಿ ಆಗ್ತದ, ಯಾವ ಗ್ವಾಡಿ ಮಳಿಗಾಲದಾಗ ಪಸಿ ಹಿಡೀತದ, ಯಾವ ನಳಾ ಮುಟ್ಟಿದ್ರ ಚುರ್ ಅಂತದ, ಇದೆಲ್ಲಾ ಗೊತ್ತಿರೋದು ದಿನಾ ಆ ಮನ್ಯಾಗ ಕೈ ಆಡಿಸೋ ನಮಗೇ. ಗೊತ್ತಿದ್ದದ್ದನ್ನ ಹೇಳ್ರಿ. ಕೂಡಸಲಿಕ್ಕೆ ಬಂದ ಹುಡುಗರಿಗೆ ಚಹಾ ಕೊಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಕಪ್ಪು ಕೊಟ್ಟು ಒಳಗ ಹೋಗಬ್ಯಾಡ್ರಿ, ಅಲ್ಲೇ ನಿಲ್ರಿ.