ಬೋರ್‌ವೆಲ್ ನೀರೂ, ಸಮುದ್ರದ ಉಪ್ಪೂ...

ದೊಡ್ಡಮಳೂರಲ್ಲಿ ಕೂತು ಸ್ಕೂಬಾ ಡೈವಿಂಗ್ ಬಗ್ಗೆ ಬರೀತಿದಾನಲ್ಲ ಅಂತ ನಗ್ತಿದ್ದೀರಾ? ನಗಿ, ಪರವಾಗಿಲ್ಲ. ನಮ್ಮೂರು ಅಂದ್ರೆ ಅಪ್ರಮೇಯಸ್ವಾಮಿ ದೇವಸ್ಥಾನ, ಅಂಬೆಗಾಲು ಕೃಷ್ಣ, ಪಕ್ಕದ ಚನ್ನಪಟ್ಟಣದ ಗೊಂಬೆ. ಸಮುದ್ರಕ್ಕೂ ನಮಗೂ ಒಂದು ರಾತ್ರಿಯ ಪ್ರಯಾಣ. ಆದ್ರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗೋರಲ್ಲಿ ನಮ್ಮಂಥ ಒಳನಾಡಿನೋರೇ ಬೇಕಾದಷ್ಟು. ಹೆಚ್ಚಿನೋರು ಸಾಮಾನು ಬಾಡಿಗೆಗೆ ತಗೋತಾರೆ. ಸ್ವಂತ ಮಾಸ್ಕು, ರೆಗ್ಯುಲೇಟರು, ವೆಟ್‌ಸೂಟು ಇಟ್ಟುಕೊಂಡೋರು ಅದನ್ನ ಮನೆಗೆ ತಂದು ತೊಳೀಬೇಕು. ತಕರಾರು ಶುರುವಾಗೋದೇ ಅಲ್ಲಿ.

ಪುಸ್ತಕದಲ್ಲಿ "ಶುದ್ಧ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ" ಅಂತ ಒಂದೇ ಸಾಲು. ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಹೊಪ್ಪಳೆ. ಹೀಗಾಗಿ ಎರಡು ಥರದ ಸಲಹೆ ಕೇಳಿಬರುತ್ತೆ. ಒಂದು, "ಈ ನೀರಲ್ಲಿ ತೊಳೆಯೋದಕ್ಕಿಂತ ತೊಳೆಯದಿರೋದೇ ವಾಸಿ". ಇನ್ನೊಂದು, "ಆರ್‌ಓ ನೀರು ನಾಲ್ಕು ಕ್ಯಾನ್ ತಂದು ಸುರಿ". ನನ್ನ ಪ್ರಕಾರ ಎರಡೂ ತಪ್ಪು.

ಮೊದಲನೆಯದು ಯಾಕೆ ತಪ್ಪು ಅಂದ್ರೆ, ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 2000 ಮಿ.ಗ್ರಾಂ, ಅಂದ್ರೆ 2 ಗ್ರಾಂವರೆಗೆ ಒಪ್ಪಬಹುದು. ಆ ಕಟ್ಟಕಡೆಯ ಮಿತಿಯ ನೀರಿಗೂ ಸಮುದ್ರದ ನೀರಿಗೂ ಹದಿನೇಳು ಪಟ್ಟು ವ್ಯತ್ಯಾಸ! ಹಿತ್ತಾಳೆ ತಿನ್ನೋದು, ಝಿಪ್ ಕಚ್ಚಿಸೋದು ಸಮುದ್ರದ ಉಪ್ಪು. ಅದನ್ನ ಕರಗಿಸೋಕೆ ನಮ್ಮ ಗಡಸು ನೀರು ಧಾರಾಳವಾಗಿ ಸಾಕು.

ಎರಡನೆಯದಕ್ಕೆ ಬರೋಣ. ಎಷ್ಟೋ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಿಡ್ಕೊಂಡು, ಕ್ಯಾನ್ ಇಟ್ಕೊಂಡು ಹೆಂಗಸರು ನಿಂತಿರ್ತಾರೆ. ಶುದ್ಧ ಮಾಡೋವಾಗ ಚರಂಡಿಗೆ ಹೋಗೋ ನೀರು ಬೇರೆ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಶೋಕಿಗೆ ನಾಲ್ಕು ಕ್ಯಾನ್ ಕುಡಿಯೋ ನೀರು ಸುರಿಯೋದು ನನಗಂತೂ ಸರಿ ಕಾಣಲ್ಲ. ಬೇಕಾಗೂ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒದ್ದೆ ಸಾಮಾನಿನಲ್ಲಿ ಅರ್ಧ ಲೀಟರ್ ಸಮುದ್ರದ ನೀರು ಉಳಿದಿದೆ ಅಂದ್ಕೊಳ್ಳಿ. 20 ಲೀಟರಿನ ಒಂದೇ ಬಕೆಟ್‌ನಲ್ಲಿ ಅದ್ದಿದ್ರೆ ಲೀಟರಿಗೆ ಸುಮಾರು 0.85 ಗ್ರಾಂ ಸಮುದ್ರದ ಉಪ್ಪು ಉಳಿಯುತ್ತೆ. ಅದೇ 20 ಲೀಟರನ್ನ ಹತ್ತು-ಹತ್ತು ಮಾಡಿ, ಒಂದರಲ್ಲಿ ನೆನೆಸಿ, ಸೋರಿಸಿ, ಇನ್ನೊಂದರಲ್ಲಿ ಅದ್ದಿದ್ರೆ 0.08 ಗ್ರಾಂ. ಅಷ್ಟೇ ನೀರು, ಹತ್ತನೇ ಒಂದು ಪಾಲು ಉಪ್ಪು! ನಲ್ಲಿ ಬಿಟ್ಟುಕೊಂಡು ನಿಲ್ಲೋದಕ್ಕಿಂತ ನೆನೆಸೋದು ಮೇಲು.

ಆಮೇಲೆ ಉಳಿಯೋದು ಸುಣ್ಣದ ಕಲೆ. ನೀರು ಒಣಗಿದಾಗ ಮಾತ್ರ ಅದು ಕೂರೋದು. ಹಾಗಾಗಿ ಒಣಗೋಕೆ ಮುಂಚೆ ಕೊನೆಯ ಒಂದು ಸುತ್ತಿಗೆ ಒಳ್ಳೆ ನೀರು ಎರಡು ಲೀಟರ್ ಸಾಕು. ಅದೂ ರೆಗ್ಯುಲೇಟರ್, ಮಾಸ್ಕ್, ಡೈವ್ ಕಂಪ್ಯೂಟರ್‌ಗೆ ಮಾತ್ರ. ವೆಟ್‌ಸೂಟ್ ಮೇಲೆ ಸ್ವಲ್ಪ ಸುಣ್ಣ ಕೂತ್ರೆ ಆಕಾಶ ಬೀಳಲ್ಲ. ಈ ಎರಡು ಲೀಟರಿಗೆ ಮಳೆನೀರಿಗಿಂತ ಒಳ್ಳೇದು ಯಾವುದು? ಮೊದಲ ಮಳೆ ಸೂರಿನ ಧೂಳು ತೊಳೆದು ಹೋದಮೇಲೆ ಹಿಡಿದು, ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳ ಹೊತ್ತಿಗೆ ನೇತ್ರಾಣಿ ಡೈವಿಂಗ್ ನಿಲ್ಲುತ್ತೆ, ಸಾಮಾನು ತಿಂಗಳುಗಟ್ಟಲೆ ಮೂಲೆ ಸೇರುತ್ತೆ. ಸರಿಯಾಗಿ ಆಗಲೇ ನಮಗೆ ಮುಂಗಾರು ಪೂರ್ವ ಮಳೆ ಬೀಳೋದು. ಬಾಯಿಗೆ ಕಚ್ಚೋ ಭಾಗಕ್ಕೆ ಮಾತ್ರ ಕುದಿಸಿ ಆರಿಸಿದ ನೀರೇ ಇರಲಿ.

ಗಡಸು ನೀರಿಗಿಂತ ನಾನು ಹೆದರೋದು ಕೊಳೆ ನೀರಿಗೆ. ಸಂಪಿನ ತಳದ ಕೆಸರು, ಪಾಚಿ ಇವು ರೆಗ್ಯುಲೇಟರ್ ಒಳಗೆ ಹೋಗಬಾರದು. ನೀರನ್ನ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಗ್ಗಿಸ್ಕೊಳ್ಳಿ. ಡಸ್ಟ್ ಕ್ಯಾಪ್ ಒಣಗಿಸಿ, ಬಿಗಿಯಾಗಿ ಹಾಕಿದ ಮೇಲೇನೇ ಅದ್ದಿ. ಸಿಲಿಂಡರಿಗೆ ಜೋಡಿಸದೆ ನೀರೊಳಗಿರುವಾಗ ಪರ್ಜ್ ಬಟನ್ ಒತ್ತಲೇಬೇಡಿ, ಒತ್ತಿದ್ರೆ ನೀರು ಒಳಗೆ ನುಗ್ಗುತ್ತೆ. ಮುರುಡೇಶ್ವರದಲ್ಲೇ ಒಮ್ಮೆ ಅದ್ದಿಕೊಂಡು, ಒದ್ದೆ ಟವೆಲಿನಲ್ಲಿ ಸುತ್ತಿ ತನ್ನಿ. ಒಣಗಿ ಹರಳಾದ ಉಪ್ಪು ಅಷ್ಟು ಸುಲಭಕ್ಕೆ ಬಿಡಲ್ಲ. ತೊಳೆದಮೇಲೆ ನೆರಳಲ್ಲಿ ಒಣಗಿಸಿ. ಸುಣ್ಣ ಬಿಡಿಸೋಕೆ ಅಂತ ರೆಗ್ಯುಲೇಟರನ್ನ ಹುಳಿಯಲ್ಲಿ ಅದ್ದೋ ಪ್ರಯೋಗ ಬೇಡ, ಅದನ್ನ ಬಿಚ್ಚಿ ತೊಳೆಯೋದು ತರಬೇತಾದ ಮೆಕ್ಯಾನಿಕ್ ಕೆಲಸ. ನೀರಡಿ ನಾವು ಉಸಿರಾಡೋದು ಅದರಲ್ಲೇ ಸ್ವಾಮಿ!

ನಮ್ಮೂರ ನೀರು ಕೆಟ್ಟದ್ದು ನಿಜ. ಆದ್ರೆ ಅದು ತೊಳೆಯದೆ ಇಡೋಕೆ ನೆಪವೂ ಅಲ್ಲ, ಪಕ್ಕದ ಮನೆಯವರು ಕುಡಿಯೋ ನೀರನ್ನ ಬಚ್ಚಲಿಗೆ ಬಿಡೋಕೆ ಪರವಾನಗಿಯೂ ಅಲ್ಲ. ಗಡಸು ನೀರು ಎರಡು ಬಕೆಟ್, ಒಳ್ಳೆ ನೀರು ಎರಡು ಲೀಟರ್. ಅಷ್ಟು ಸಾಕು ಅಂತ ನಾನಂತೀನಿ. ನೀವೇನಂತೀರಿ?